ಸೈಟಿಗೆ ಶಟರ್ ಎಳೆಯುವ ಮುನ್ನ

ಹೋದ ವಾರ ರಾತ್ರಿ ಹತ್ತೂವರೆಗೆ ಕೋಲಾರದಿಂದ ಒಬ್ಬ ಹುಡುಗ ಫೋನ್ ಮಾಡಿದ. ಅವನೂ ಅವನ ನಾಲ್ಕೈದು ಗೆಳೆಯರೂ ಸೇರಿ ತಮ್ಮ ಕಡೆಯ ಕೆರೆಗಳ ನಕ್ಷೆ, ರಾಜಕಾಲುವೆ, ಕೋಡಿ, ಅಚ್ಚುಕಟ್ಟಿನ ವಿವರಗಳ ಒಂದು ವೆಬ್‌ಸೈಟ್ ನಡೆಸುತ್ತಾರೆ. ಮೈಸೂರಿನಲ್ಲಿ ಕೂತು ಅದರ ಸರ್ವರ್ ನೋಡಿಕೊಳ್ಳುವವಳು ನಾನು.

"ಅಕ್ಕಾ, ಹರಿಯದ ಕೋಡಿ ಜಾಗದಲ್ಲಿ ಮನೆ ಕಟ್ಟೋಕೆ ಬಿಡೋ ಆ ಕರಡು ನಿಯಮ ಬಂದೈತಲ್ಲ, ಅದಕ್ಕೆ ವಿರೋಧ ಅಂತ ನಾಳೆಯಿಂದ್ಲೇ ಸೈಟ್ ಪೂರ್ತಿ ಕಪ್ಪು ಮಾಡ್ಬಿಡೋಣ. ವಿಕಿಪೀಡಿಯ ಮಾಡಿತ್ತಲ್ಲ, ಹಂಗೆ."

"ಮಾಡೋಣ ಕಣೋ. ಕಪ್ಪು ಪುಟ ನೋಡಿದೋರು ಮುಂದಿನ ಎರಡು ನಿಮಿಷದಲ್ಲಿ ಏನು ಮಾಡ್ಬೇಕು, ಅದನ್ನ ಮೊದ್ಲು ಹೇಳು" ಅಂದೆ.

ಅವನು ಸುಮ್ಮನಾದ. ಒಂದು ಕಾಲಕ್ಕೆ ನನ್ನ ಹತ್ತಿರವೂ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ಆ ರಾತ್ರಿ ಮತ್ತು ಆಮೇಲಿನ ಐದು ದಿನ ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಸೈಟ್ ಬಂದ್ ಮಾಡಿ ಪ್ರತಿಭಟಿಸಬೇಕು ಅಂದುಕೊಂಡಿರುವ ಬೇರೆಯವರಿಗೂ ಬೇಕಾಗಬಹುದು.

ನಾನು ಎಡವಿದ್ದು

2015ರಲ್ಲಿ ನಾನು ಕನ್ನಡ ಮಾಧ್ಯಮದಿಂದ ಬಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ, ಜೀವಶಾಸ್ತ್ರದ ಟಿಪ್ಪಣಿ ಹಾಕುವ ಪುಟ್ಟ ಸೈಟ್ ನಡೆಸುತ್ತಿದ್ದೆ. ಆ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 118 ಪುಟಗಳ ಸಮಾಲೋಚನಾ ಪತ್ರವೊಂದನ್ನು ಹೊರಡಿಸಿತು. ಫೋನ್ ಕಂಪನಿಗಳು ಒಂದು ಸೈಟಿಗೆ ಒಂದು ದರ, ಇನ್ನೊಂದಕ್ಕೆ ಪುಕ್ಕಟೆ ಅಂತ ಮಾಡಬಹುದೇ ಎಂಬ ಪ್ರಶ್ನೆ ಅದರಲ್ಲಿತ್ತು. ಹಾಗಾದರೆ ನನ್ನಂಥ ಸಣ್ಣ ಸೈಟುಗಳು ಮೂಲೆಗೆ ಬಿದ್ದವು ಅಂತ ಸಿಟ್ಟು ಬಂತು. ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ ಎದ್ದವಳೇ ಇಡೀ ಸೈಟ್ ಕಪ್ಪು ಮಾಡಿದೆ. ನಡುವೆ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನ ಎರಡು ಸಾಲು ಇದ್ದವು. ಅದು ಬಿಟ್ಟರೆ ಏನೂ ಇರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಹಿರಿಯೂರು ಕಡೆಯಿಂದ ಒಬ್ಬರು ಫೋನ್ ಮಾಡಿದರು. "ಮೇಡಂ, ನಿಮ್ಮದು ಏನೋ ಕೆಟ್ಟೋಗೈತಂತೆ. ಮಗಳು ಸೈಬರ್ ಅಂಗಡೀಲಿ ಕುಂತವಳೆ. ಸಿಇಟಿಗೆ ಪ್ರಿಂಟ್ ತಗಂಬೇಕಿತ್ತು. ಬಸ್ಸು ನಾಲ್ಕಕ್ಕೆ." ಕೆಟ್ಟಿಲ್ಲ, ಇದು ಪ್ರತಿಭಟನೆ ಅಂತ ವಿವರಿಸಿದೆ. ಅವರು ಬೇಜಾರು ಮಾಡಿಕೊಳ್ಳದೆ ಕೇಳಿಸಿಕೊಂಡು, "ಸರಿ ಮೇಡಂ, ಅದಕ್ಕೆ ನಾವೇನು ಮಾಡ್ಬೇಕು?" ಅಂದರು.

ನನಗೆ ಮಾತೇ ಹೊರಡಲಿಲ್ಲ. ಕೂಡಲೇ ಸೈಟ್ ತೆರೆದೆ. ಸೈಬರ್ ಅಂಗಡಿಯ ಇಮೇಲ್ ವಿಳಾಸ ಇಸಕೊಂಡು ಆ ಹುಡುಗಿಗೆ ಬೇಕಾದ ಪಾಠಗಳನ್ನು ಕಳಿಸಿದೆ. ನನ್ನ ಕತ್ತಲೆ ಬಿದ್ದದ್ದು ಟ್ರಾಯ್ ಮೇಲಲ್ಲ, ಬಸ್ಸಿಗೆ ಕಾಯುತ್ತಿದ್ದ ಆ ಹುಡುಗಿಯ ಮೇಲೆ. ನಾನು ಕೇಳಿದ್ದರೆ ಅವಳೂ ಅವಳಪ್ಪನೂ ಟ್ರಾಯ್‌ಗೆ ಬರೆಯುತ್ತಿದ್ದರು. ನಾನು ಕೇಳಲೇ ಇಲ್ಲ.

ಅದೇ ದಿನಗಳಲ್ಲಿ 'ಸೇವ್ ದಿ ಇಂಟರ್ನೆಟ್' ಎಂಬ ಸೈಟ್ ಮಾಡಿದ್ದನ್ನು ನೋಡಿ. ಟ್ರಾಯ್ ಕೇಳಿದ್ದ 20 ಪ್ರಶ್ನೆಗಳಿಗೂ ಅವರು ಉತ್ತರ ಬರೆದಿಟ್ಟಿದ್ದರು. ಓದಿ, ಬೇಕಾದರೆ ತಿದ್ದಿ, ಹೆಸರು ಹಾಕಿ ಕಳಿಸುವುದಷ್ಟೇ ಓದುಗರ ಕೆಲಸ. ಏಪ್ರಿಲ್ 24ರ ಗಡುವಿನೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಜನರ ಸಿಟ್ಟು ನೋಡಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ ಏಪ್ರಿಲ್ 14ರಂದೇ, ಕೆಲವು ಆ್ಯಪ್‌ಗಳನ್ನು ಗ್ರಾಹಕರಿಗೆ ಪುಕ್ಕಟೆ ಕೊಡುವ 'ಏರ್‌ಟೆಲ್ ಝೀರೋ' ಯೋಜನೆಯ ಮಾತುಕತೆಯಿಂದ ಹಿಂದೆ ಸರಿಯಿತು. 2016ರ ಫೆಬ್ರವರಿ 8ರಂದು ಟ್ರಾಯ್ ಭೇದಭಾವದ ದರಗಳನ್ನೇ ನಿಷೇಧಿಸಿತು. ಈ ಗೆಲುವು ಬಂದದ್ದು ಇಮೇಲ್‌ಗಳಿಂದ, ಕಪ್ಪು ಪುಟಗಳಿಂದಲ್ಲ.

ಎಲ್ಲರೂ ನೆನೆಯುವ ಆ ಒಂದು ದಿನ

2012ರ ಜನವರಿ 18, ನಮ್ಮಲ್ಲಿ ಬೆಳಿಗ್ಗೆ ಹತ್ತೂವರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಏನು ತೆರೆದರೂ ಲೇಖನ ಒಂದು ಕ್ಷಣ ಕಂಡು, ಅದರ ಮೇಲೆ ಕಪ್ಪು ಪರದೆ ಇಳಿಯುತ್ತಿತ್ತು. ಅಮೆರಿಕದ ಸಂಸತ್ತಿನ ಮುಂದೆ ಸೋಪಾ, ಪೀಪಾ ಎಂಬ ಎರಡು ಮಸೂದೆಗಳಿದ್ದವು. ಸಿನಿಮಾ, ಹಾಡುಗಳ ಪೈರಸಿ ತಡೆಯುವ ಹೆಸರಿನಲ್ಲಿ ಸೈಟುಗಳನ್ನೇ ಹುಡುಕಾಟದಿಂದ, ಜಾಹೀರಾತಿನಿಂದ, ಹಣ ಪಾವತಿಯಿಂದ ಕತ್ತರಿಸಿಹಾಕುವ ಅಧಿಕಾರ ಅವುಗಳಲ್ಲಿತ್ತು. ಪರದೆಯ ಮೇಲೆ ಒಂದು ಪುಟ್ಟ ಪೆಟ್ಟಿಗೆ, ಅದರಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಇದ್ದ ಹಾಗೆ) ಹಾಕಿದರೆ ನಿಮ್ಮ ಸಂಸದರ ಫೋನ್ ನಂಬರ್ ಬರುತ್ತಿತ್ತು.

ಇಲ್ಲಿ ಕೂತ ನನ್ನ ಹತ್ತಿರ ಜಿಪ್ ಕೋಡ್ ಇರಲಿಲ್ಲ. ನ್ಯೂಜೆರ್ಸಿಯಲ್ಲಿದ್ದ ಚಿಕ್ಕಮ್ಮನ ಮಗನ ಹತ್ತಿರ ಇತ್ತು. ಎರಡು ಸಲ ಲೈನ್ ಬ್ಯುಸಿ ಬಂತಂತೆ, ಮೂರನೇ ಸಲ ಸಿಕ್ಕಿತು. ಫೋನ್ ಎತ್ತಿದ ಹುಡುಗಿ ಕೇಳಿದ್ದು ಎರಡೇ ಪ್ರಶ್ನೆ: ನಿಮ್ಮ ಜಿಪ್ ಕೋಡ್ ಏನು, ಮಸೂದೆಯ ಪರವೋ ವಿರೋಧವೋ. ವಿರೋಧ ಅಂದ. ಥ್ಯಾಂಕ್ಸ್ ಹೇಳಿ ಇಟ್ಟಳು. ಮುಕ್ಕಾಲು ನಿಮಿಷದ ಮಾತು. ಇಡೀ ಕಪ್ಪು ಪರದೆ ಇದ್ದದ್ದು ಈ ಮುಕ್ಕಾಲು ನಿಮಿಷದ ಮಾತು ನಡೆಯಲಿ ಅಂತಲೇ.

ಆ 24 ಗಂಟೆಯಲ್ಲಿ ಕಪ್ಪು ಪುಟ 16 ಕೋಟಿ 20 ಲಕ್ಷ ಸಲ ತೆರೆಯಿತು, 80 ಲಕ್ಷಕ್ಕೂ ಹೆಚ್ಚು ಜನ ತಮ್ಮ ಪ್ರತಿನಿಧಿಯ ವಿವರ ಹುಡುಕಿದರು ಅಂತ ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆ ಹೇಳಿತು. ಗೂಗಲ್ ತನ್ನ ಸೈಟ್ ಮುಚ್ಚಲೇ ಇಲ್ಲ. ಲೋಗೋ ಮೇಲೆ ಕಪ್ಪು ಪಟ್ಟಿ ಹಾಕಿ, ಕೆಳಗೆ ಮನವಿಯ ಕೊಂಡಿ ಇಟ್ಟಿತು. ಅದಕ್ಕೆ 70 ಲಕ್ಷ ಸಹಿ ಬಿದ್ದವು. ಅದೇ ದಿನ ಮಾರ್ಕೋ ರುಬಿಯೋ, ರಾಯ್ ಬ್ಲಂಟ್ ಮುಂತಾದ ಸೆನೆಟರುಗಳು ಬೆಂಬಲ ವಾಪಸ್ ಪಡೆದರು. ಎರಡು ದಿನ ಬಿಟ್ಟು, 24ಕ್ಕೆ ನಿಗದಿಯಾಗಿದ್ದ ಮತದಾನವನ್ನು ಸೆನೆಟ್ಟಿನ ಬಹುಮತದ ನಾಯಕ ಹ್ಯಾರಿ ರೀಡ್ ಮುಂದೂಡಿದರು. ಆ ಮಸೂದೆಗಳು ಮತ್ತೆ ಮೇಲೇಳಲಿಲ್ಲ.

ನಮ್ಮ ಹುಡುಗರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕಥೆ ಶುರುವಾಗಿದ್ದು ಅದಕ್ಕೂ ಎರಡು ತಿಂಗಳು ಮೊದಲು. 2011ರ ನವೆಂಬರ್ 16ರಂದೇ ಟಂಬ್ಲರ್ ಎಂಬ ಬ್ಲಾಗ್ ತಾಣ ತನ್ನ ಬಳಕೆದಾರರ ಪುಟಗಳಿಗೆ ಕಪ್ಪು ಪಟ್ಟಿ ಬಳಿದು ಸುಮಾರು 88 ಸಾವಿರ ಕರೆಗಳನ್ನು ಸಂಸದರಿಗೆ ಜೋಡಿಸಿಕೊಟ್ಟಿತ್ತು. ಡಿಸೆಂಬರಿನಲ್ಲಿ ಮಸೂದೆ ಬೆಂಬಲಿಸಿದ್ದ, ಸೈಟುಗಳ ಹೆಸರು (ಡೊಮೇನ್) ಮಾರುವ ಗೋಡ್ಯಾಡಿಯಿಂದ ಜನ ತಮ್ಮ ಡೊಮೇನ್‌ಗಳನ್ನು ಎತ್ತಿಕೊಂಡು ಹೋಗತೊಡಗಿದಾಗ ಆ ಕಂಪನಿ ಮಾತು ಬದಲಿಸಿತು. ಜನವರಿ 14ಕ್ಕೆ ಶ್ವೇತಭವನವೇ ಅಪಸ್ವರ ಎತ್ತಿತ್ತು. ಜನವರಿ 18 ಬರುವಷ್ಟರಲ್ಲಿ ನೆಲ ಹದವಾಗಿತ್ತು. ಇದನ್ನು ಮರೆತು ಕಪ್ಪು ಬಣ್ಣವನ್ನಷ್ಟೇ ನಕಲು ಮಾಡಿದರೆ ನನಗಾದದ್ದೇ ಆಗುವುದು.

ನಮ್ಮಲ್ಲಿ ಯಾರ ಬಾಗಿಲು ತಟ್ಟಬೇಕು

ಅಮೆರಿಕದ ದಾರಿ ನಮ್ಮಲ್ಲಿ ನೇರವಾಗಿ ನಡೆಯುವುದಿಲ್ಲ. ಅಲ್ಲಿ ಸೆನೆಟರ್ ಒಬ್ಬ ತನ್ನ ಕ್ಷೇತ್ರದ ಕರೆಗಳಿಗೆ ಹೆದರಿ ಸ್ವಂತ ಪಕ್ಷಕ್ಕೆ ವಿರುದ್ಧವಾಗಿ ಮತ ಹಾಕಬಲ್ಲ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಪಕ್ಷ ವಿಪ್ ಕೊಟ್ಟ ಮೇಲೆ ಅದಕ್ಕೆ ವಿರುದ್ಧ ಮತ ಹಾಕಿದರೆ ಸ್ಥಾನವೇ ಹೋಗಬಹುದು. ಮಸೂದೆ ಸದನಕ್ಕೆ ಬಂದ ದಿನ ನಿಮ್ಮ ಸಂಸದರಿಗೋ ಶಾಸಕರಿಗೋ ಸಾವಿರ ಫೋನ್ ಮಾಡಿಸಿದರೂ ಅವರು "ನೋಡೋಣ, ನಾಯಕರ ಗಮನಕ್ಕೆ ತರ್ತೀನಿ" ಅಂದಾರು; ಮತವಂತೂ ವಿಪ್ ಪ್ರಕಾರವೇ ಬೀಳುತ್ತದೆ.

ಹಾಗಾಗಿ ನಮ್ಮ ಅವಕಾಶ ಇರುವುದು ಅದಕ್ಕಿಂತ ಮುಂಚೆ, ಕರಡಿನ ಹಂತದಲ್ಲಿ. ಕೇಂದ್ರದ ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ 2014ರ ನೀತಿ ಹೇಳುತ್ತದೆ. ರಾಜ್ಯದ ಕರಡು ನಿಯಮಗಳಿಗೂ ರಾಜ್ಯಪತ್ರದಲ್ಲಿ ಆಕ್ಷೇಪಣೆ ಸಲ್ಲಿಸುವ ಅವಧಿ ಕೊಟ್ಟಿರುತ್ತಾರೆ. ಟ್ರಾಯ್‌ನಂಥ ನಿಯಂತ್ರಣ ಸಂಸ್ಥೆಗಳು ಸಮಾಲೋಚನಾ ಪತ್ರ ಹೊರಡಿಸುತ್ತವೆ. ಸಂಸದೀಯ ಸ್ಥಾಯಿ ಸಮಿತಿಗಳು ಅಭಿಪ್ರಾಯ ಕರೆಯುತ್ತವೆ. ಇವುಗಳಲ್ಲಿ ಯಾವುದೋ ಒಂದಕ್ಕೆ ನಿಮ್ಮ ಪುಟದ ಬಾಣ ತಿರುಗಿರಬೇಕು. ಅಧಿಕಾರಿಯ ಹುದ್ದೆ, ಇಮೇಲ್, ಅಂಚೆ ವಿಳಾಸ, ಕೊನೆಯ ದಿನ ಈ ನಾಲ್ಕೂ ಕೈಯಲ್ಲಿಲ್ಲದಿದ್ದರೆ ಆ ದಿನ ಸೈಟ್ ಮುಟ್ಟಬೇಡಿ.

ದಿನ ಆರಿಸುವುದು

ರಷ್ಯನ್ ವಿಕಿಪೀಡಿಯ 2012ರ ಜುಲೈ 10ರಂದು ಬಂದ್ ಆಯಿತು. ಸೈಟುಗಳ ಕಪ್ಪುಪಟ್ಟಿ ಮಾಡುವ ಮಸೂದೆಗೆ ವಿರೋಧ. ಮಾರನೇ ದಿನವೇ ರಷ್ಯಾದ ಸಂಸತ್ತಿನ ಕೆಳಮನೆ ಡೂಮಾ ಅದನ್ನು ಅಂಗೀಕರಿಸಿತು, ನವೆಂಬರ್ 1ರಿಂದ ಜಾರಿಗೂ ಬಂತು. ಹಿಂದಿನ ದಿನ ಕದ ತಟ್ಟಿದರೆ ಒಳಗಿರುವವರು ಬಾಗಿಲು ತೆಗೆಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಮತದಾರರ ಫೋನಿಗೆ ಅಷ್ಟಾಗಿ ಅಂಜದ ಸಂಸತ್ತಾದರೆ ಇನ್ನೂ ಕಷ್ಟ. ಅದಕ್ಕೂ ಹಿಂದೆ, 1996ರ ಫೆಬ್ರವರಿ 8ರಂದು, ಅಮೆರಿಕದಲ್ಲಿ ಇಂಟರ್ನೆಟ್ಟಿನ ಮಾತನ್ನು ಸಭ್ಯತೆಯ ಹೆಸರಿನಲ್ಲಿ ಕಟ್ಟಿಹಾಕುವ ಕಾನೂನಿಗೆ ಕ್ಲಿಂಟನ್ ಸಹಿ ಹಾಕಿದಾಗ ಸಾವಿರಾರು ಪುಟಗಳು 48 ಗಂಟೆ ಕಪ್ಪಾದವು. ಸಹಿ ಆಗಿಹೋಗಿತ್ತು. ಅದನ್ನು ಬೀಳಿಸಿದ್ದು ಸುಪ್ರೀಂ ಕೋರ್ಟ್, 1997ರ ಜೂನ್ 26ರಂದು. ಸಹಿ ಬಿದ್ದ ಮೇಲೆ ಬೇಕಾಗಿದ್ದು ವಕೀಲರು.

ಇಟಲಿಯವರು ಸರಿಯಾದ ಹೊತ್ತಿಗೆ ಹಿಡಿದರು. 2011ರ ಅಕ್ಟೋಬರ್ 4ರಿಂದ 6ರವರೆಗೆ ಇಟಾಲಿಯನ್ ವಿಕಿಪೀಡಿಯ ಮುಚ್ಚಿತು. ಯಾರಾದರೂ ತಮ್ಮ ಬಗ್ಗೆ ಬರೆದದ್ದು ಸರಿಯಿಲ್ಲ ಅಂದರೆ, ನ್ಯಾಯಾಧೀಶರ ವಿಚಾರಣೆಯೂ ಇಲ್ಲದೆ 48 ಗಂಟೆಯಲ್ಲಿ ಅವರ ತಿದ್ದುಪಡಿ ಹಾಕಲೇಬೇಕು ಎಂಬ, ಆಗ ಸಂಸತ್ತಿನ ಮುಂದಿದ್ದ ಮಸೂದೆಯ ಒಂದೇ ಒಂದು ಉಪಕಲಂ ಅವರ ಗುರಿ. ಚರ್ಚೆ ನಡೆಯುತ್ತಲೇ ಇತ್ತು, ಅದನ್ನು ನೋಂದಾಯಿತ ಸುದ್ದಿ ಪ್ರಕಟಣೆಗಳಿಗೆ ಸೀಮಿತಗೊಳಿಸುವ ತಿದ್ದುಪಡಿ ಬಂತು. ಇಡೀ ಮಸೂದೆ ಬೇಡ ಅನ್ನುವುದಕ್ಕಿಂತ ಇಂಥ ಕಲಂ ಬೇಡ ಅನ್ನುವುದು ಎದುರಿನವರಿಗೂ ಒಪ್ಪಿಕೊಳ್ಳಲು ಸುಲಭ.

ಯುರೋಪಿಯನ್ ಒಕ್ಕೂಟದ ಕೃತಿಸ್ವಾಮ್ಯ ನಿರ್ದೇಶನದ (ಸದಸ್ಯ ದೇಶಗಳೆಲ್ಲ ಪಾಲಿಸಬೇಕಾದ ಕಾನೂನು) ಕಥೆ ಬೇರೆ. 2018ರ ಜುಲೈನಲ್ಲಿ ಇಟಾಲಿಯನ್, ಸ್ಪ್ಯಾನಿಷ್, ಪೋಲಿಷ್ ವಿಕಿಪೀಡಿಯಗಳು ಮುಚ್ಚಿದವು. ಜುಲೈ 5ರಂದು ಯುರೋಪಿಯನ್ ಸಂಸತ್ತಿನಲ್ಲಿ 318ಕ್ಕೆ 278 ಮತಗಳಿಂದ ಪ್ರಸ್ತಾಪ ಹಿಂದಕ್ಕೆ ಹೋಯಿತು. ಸೆಪ್ಟೆಂಬರಿನಲ್ಲಿ ಆ ಪ್ರಸ್ತಾಪವೇ ಒಂದಿಷ್ಟು ತಿದ್ದುಪಡಿಗಳೊಂದಿಗೆ ಮರಳಿ ಬಂದು ಗೆದ್ದಿತು. 2019ರ ಮಾರ್ಚ್ 21ರಂದು, ಈ ಸಲ ಜರ್ಮನ್ ಮತ್ತಿತರ ಆವೃತ್ತಿಗಳು ಕಪ್ಪಾದವು. 26ರಂದು ಕಲಂಗಳನ್ನು ಒಂದೊಂದಾಗಿ ಚರ್ಚಿಸಬೇಕೆಂಬ ಬೇಡಿಕೆ 312ಕ್ಕೆ 317, ಬರೀ ಐದು ಮತದಿಂದ ಬಿತ್ತು. ನಿರ್ದೇಶನ 348ಕ್ಕೆ 274ರಲ್ಲಿ ಪಾಸಾಯಿತು. ಎಂಟು ತಿಂಗಳಲ್ಲಿ ಎದುರಿನವರು ಸುಮ್ಮನೆ ಕೂತಿರಲಿಲ್ಲ. ಕಪ್ಪು ಪುಟ ಸಮಯ ಕೊಡಿಸುತ್ತದೆ. ಆ ಸಮಯದಲ್ಲಿ ನೀವು ಏನು ಮಾಡುತ್ತೀರಿ ಅಂತ ಬಂದ್‌ಗೆ ಮುಂಚೆಯೇ ಬರೆದಿಟ್ಟುಕೊಳ್ಳಿ.

ನಮ್ಮ ಕೋಲಾರದವರಿಗೆ ಹೇಳಿದ ಲೆಕ್ಕ ಇಷ್ಟು: ಗಡುವಿಗೆ ಹನ್ನೊಂದು ದಿನ ಇದೆ, ಬಂದ್ ಆರು ದಿನ ಮುಂಚೆ. ಅಂಚೆಯಲ್ಲಿ ಕಳಿಸುವವರ ಪತ್ರವೂ ತಲುಪಬೇಕು.

ಹಾಲು, ಔಷಧಿ ಬಿಡಿ

ಕರ್ನಾಟಕ ಬಂದ್ ದಿನವೂ ಹಾಲಿನ ವ್ಯಾನ್ ಓಡುತ್ತದೆ, ಮೆಡಿಕಲ್ ಶಾಪ್ ತೆರೆದಿರುತ್ತದೆ. ಸೈಟಿಗೂ ಇದೇ ನಿಯಮ. ಯಾವ ಪುಟ ಇಲ್ಲದಿದ್ದರೆ ಯಾರಿಗೆ ಪೆಟ್ಟು ಅಂತ ಕೂತು ಪಟ್ಟಿ ಮಾಡಿ.

ಕೆರೆ ಸೈಟಿನಲ್ಲಿ ನಾವು ಹಾಗೆ ಕೂತೆವು. ತೂಬು ತೆಗೆಯುವ ದಿನಗಳು, ಕೆರೆ ನೀರು ನೋಡಿಕೊಳ್ಳುವ ನೀರುಗಂಟಿಗಳ ನಂಬರು ಇರುವ ಪುಟವನ್ನು ರೈತರು ನೋಡುತ್ತಾರೆ. ಅದನ್ನು ಮುಟ್ಟಲಿಲ್ಲ. ನಕ್ಷೆ ಇಳಿಸಿಕೊಳ್ಳುವವರು ಒಂದು ಫಾರಂ ತುಂಬಬೇಕು. ಅದನ್ನು ತೆಗೆದು ನೋಡಿದರೆ ಪಂಚಾಯಿತಿ ಪಿಡಿಒಗಳು, ಸರ್ವೆಯವರು, ಗುತ್ತಿಗೆದಾರರು, ಲೇಔಟ್ ಮಾಡುವವರು, ಒಂದಿಷ್ಟು ವಿದ್ಯಾರ್ಥಿಗಳು. "ಅಕ್ಕಾ, ನಿಯಮ ಜಾರಿ ಮಾಡೋರೇ ನಮ್ಮ ನಕ್ಷೆ ನೋಡೋರು!" ಅಂದ ಹುಡುಗ. ಹಾಗಾದರೆ ಕತ್ತಲು ಬೀಳಬೇಕಾದದ್ದು ನಕ್ಷೆಯ ಪುಟಗಳ ಮೇಲೆ. ವಿದ್ಯಾರ್ಥಿಗಳಿಗೆ ಇಮೇಲ್ ಮಾಡಿದರೆ ಕಳಿಸುತ್ತೇವೆ ಅಂತ ಒಂದು ಸಾಲು ಹಾಕಿದೆವು.

ವಿಕಿಪೀಡಿಯದವರೂ ಅಂದು ಪೂರ್ತಿ ಬೀಗ ಹಾಕಿರಲಿಲ್ಲ. ಸೋಪಾ ಕುರಿತ ಲೇಖನ ತೆರೆದಿತ್ತು, ಮೊಬೈಲ್ ಆವೃತ್ತಿಯೂ ಸಿಗುತ್ತಿತ್ತು, ಜಾವಾಸ್ಕ್ರಿಪ್ಟ್ ಆರಿಸಿದರೆ ಎಲ್ಲವೂ ಓದಲು ಬರುತ್ತಿತ್ತು. ತುರ್ತು ಇದ್ದವರಿಗೆ ದಾರಿ ಇರಲಿ ಅಂತ ಅವರೇ ಅದನ್ನು ತಿಳಿಸಿದ್ದರು.

ಸೈಟ್ ನಿಮ್ಮೊಬ್ಬರದಲ್ಲದಿದ್ದರೆ ಕೇಳದೆ ಮುಚ್ಚಬೇಡಿ. ವಿಕಿಪೀಡಿಯ ನಿರ್ಧಾರದ ಹಿಂದೆ ಸುಮಾರು 1,800 ಸಂಪಾದಕರ ಬಹಿರಂಗ ಚರ್ಚೆ ಇತ್ತು. ನಮ್ಮದು ಐದು ಜನರ ಗುಂಪು. ಐವರೂ ಒಪ್ಪಿದ ಮೇಲೆಯೇ ಕೈಹಾಕಿದೆವು.

ಸರ್ವರ್ ಮುಂದೆ ಕೂತಾಗ

2015ರಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಆಮೇಲೆ ಗೊತ್ತಾಯಿತು. ಕಪ್ಪು ಪುಟವನ್ನು ಮಾಮೂಲಿ ಪುಟದಂತೆಯೇ, ಅಂದರೆ ಎಲ್ಲ ಸರಿಯಿದೆ ಅನ್ನುವ 200 ಸಂಕೇತದೊಂದಿಗೆ, ಕಳಿಸಿದ್ದೆ. ಅದೇ ಹೊತ್ತಿಗೆ ಗೂಗಲ್ ನನ್ನ ಸೈಟ್ ಓದಿಕೊಂಡು ಹೋಗಿತ್ತು. ದ್ಯುತಿಸಂಶ್ಲೇಷಣೆ ಅಂತ ಹುಡುಕಿದವರಿಗೆ ನನ್ನ ಪುಟದ ಕೆಳಗೆ ಆ ಎರಡು ಇಂಗ್ಲಿಷ್ ಸಾಲು ಹಲವು ದಿನ ಕಾಣಿಸುತ್ತಿದ್ದವು.

ಪುಟವನ್ನು ನಿಜವಾಗಿ ಮುಚ್ಚುವುದಾದರೆ ಸರ್ವರ್ 503 ಸಂಕೇತ ಕಳಿಸಬೇಕು. ಈಗ ಸೇವೆ ಇಲ್ಲ, ಆಮೇಲೆ ಬಾ ಅಂತ ಅದರ ಅರ್ಥ. ಜೊತೆಗೆ ರಿಟ್ರೈ-ಆಫ್ಟರ್ ಎಂಬ ಹೆಡರ್‌ನಲ್ಲಿ ಎಷ್ಟು ಸೆಕೆಂಡು ಬಿಟ್ಟು ಬರಬೇಕು ಅಂತ ಹೇಳಿ. ಒಂದು ದಿನಕ್ಕೆ 86400. ಯಾವ ಪುಟ ಓದಬಹುದು ಅಂತ ಗೂಗಲ್‌ನಂಥವಕ್ಕೆ ಹೇಳುವ ರೋಬೋಟ್ಸ್ ಕಡತವನ್ನು (robots.txt) ಮಾತ್ರ ಮುಟ್ಟಬೇಡಿ, ಅದು ಎಂದಿನಂತೆ 200ರಲ್ಲೇ ಇರಲಿ. ಅದಕ್ಕೂ 503 ಹೋದರೆ ಗೂಗಲ್ ಇಡೀ ಸೈಟ್ ಓದುವುದನ್ನೇ ನಿಲ್ಲಿಸುತ್ತದೆ. ಒಂದೆರಡು ದಿನಕ್ಕಿಂತ ಹೆಚ್ಚು ಹೀಗೆ ಇಡಬೇಡಿ.

ಪುಟ ಮುಚ್ಚದೆ ಬರೀ ಮೇಲೆ ಪರದೆ ಇಳಿಸುವುದಾದರೆ 503 ಬೇಡ. ಕೆಳಗಿನ ಲೇಖನ ಹಾಗೇ ಇರುತ್ತದೆ. ಸಣ್ಣ ಸೈಟಿಗೆ ನಾನು ಇದನ್ನೇ ಹೇಳುತ್ತೇನೆ. ಪರದೆಯಲ್ಲಿ ಮುಚ್ಚುವ ಗುಂಡಿ ಕಾಣುವಂತಿರಲಿ.

ಕಪ್ಪು ಪುಟ ಹಗುರವಾಗಿರಲಿ. ಹೊರಗಿನ ಫಾಂಟ್, ಚಿತ್ರ, ವಿಡಿಯೋ ಬೇಡ, ಫೋನಿನಲ್ಲಿರುವ ಕನ್ನಡ ಫಾಂಟೇ ಸಾಕು. ಅಕ್ಷರಗಳನ್ನು ಚಿತ್ರ ಮಾಡಿ ಹಾಕಿದರೆ ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೆ ಅದು ಬರೀ ಮೌನ. ಸಿಡಿಎನ್ (ನಿಮ್ಮ ಪುಟಗಳ ಪ್ರತಿ ಇಟ್ಟುಕೊಂಡು ಬೇರೆ ಬೇರೆ ಕಡೆಯ ಸರ್ವರ್‌ಗಳಿಂದ ಕೊಡುವ ಸೇವೆ) ಬಳಸುತ್ತಿದ್ದರೆ ಹಿಂದಿನ ದಿನವೇ ಕ್ಯಾಶ್, ಅಂದರೆ ಆ ಉಳಿಸಿಟ್ಟ ಪ್ರತಿಯ, ಅವಧಿ ಐದು ನಿಮಿಷಕ್ಕೆ ಇಳಿಸಿ, ತೆರೆದ ಕೂಡಲೇ ಕ್ಯಾಶ್ ಖಾಲಿ ಮಾಡಿ. ಇಲ್ಲದಿದ್ದರೆ ನೀವು ಶಟರ್ ಎತ್ತಿದ ಮೇಲೂ ಅರ್ಧ ಜನಕ್ಕೆ ಅಂಗಡಿ ಮುಚ್ಚಿದಂತೆಯೇ ಕಾಣುತ್ತದೆ.

ಪುಟದಲ್ಲಿ ಬರೆಯುವುದು

ಒಂದು ಸಾಲಿನಲ್ಲಿ ಏನಾಗುತ್ತಿದೆ, ಒಂದು ಸಾಲಿನಲ್ಲಿ ನಿಮಗೇನು ನಷ್ಟ, ಎಷ್ಟು ಹೊತ್ತಿಗೆ ಸೈಟ್ ತೆರೆಯುತ್ತದೆ, ಆಮೇಲೆ ಮಾಡಬೇಕಾದ ಒಂದು ಕೆಲಸ. ಕರಡು ಇಂಗ್ಲಿಷಿನಲ್ಲಿದ್ದರೂ ಆಕ್ಷೇಪಣೆ ಕನ್ನಡದಲ್ಲೇ ಬರೆಯಿಸಿ. ಒಂದೇ ಅಚ್ಚಿನ ಸಾವಿರ ಪತ್ರಗಳನ್ನು ಕಚೇರಿಯಲ್ಲಿ ಒಂದು ಕಟ್ಟು ಮಾಡಿ ಬದಿಗಿಡುತ್ತಾರೆ. ಅದಕ್ಕೇ ನಾವು ಖಾಲಿ ಜಾಗ ಬಿಟ್ಟೆವು:

"ನಾನು ........ ಗ್ರಾಮದ ನಿವಾಸಿ. ಕರಡು ನಿಯಮದ ....ನೇ ಕಲಂಗೆ ನನ್ನ ಆಕ್ಷೇಪಣೆ ಇದೆ. ನಮ್ಮೂರ ಕೆರೆಯ ಹೆಸರು ......... ಅದರ ಕೋಡಿ ನೀರು ........ ಕಡೆಗೆ ಹರಿಯುತ್ತದೆ. ಈ ಕಲಂ ಜಾರಿಯಾದರೆ ........"

ಕೊನೆಯ ಖಾಲಿ ಜಾಗ ತುಂಬುವುದೇ ಕಷ್ಟ. ಅದನ್ನು ನೀವು ತುಂಬಿಕೊಡಬೇಡಿ.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಹಾಕಿ. 2015ರ ಏಪ್ರಿಲ್ 27ರಂದು ಟ್ರಾಯ್ ತನಗೆ ಬಂದ ಅಭಿಪ್ರಾಯಗಳನ್ನೆಲ್ಲ ಕಳಿಸಿದವರ ಇಮೇಲ್ ವಿಳಾಸ ಸಮೇತ ತನ್ನ ಸೈಟಿನಲ್ಲಿ ಪ್ರಕಟಿಸಿಬಿಟ್ಟಿತು. ನೀವು ಬರೆದದ್ದು ಬಹಿರಂಗವಾಗಬಹುದು, ಫೋನ್ ನಂಬರ್ ಕಡ್ಡಾಯವಲ್ಲದಿದ್ದರೆ ಹಾಕಬೇಡಿ ಅಂತ ಓದುಗರಿಗೆ ಮೊದಲೇ ಹೇಳುವುದು ನಮ್ಮ ಜವಾಬ್ದಾರಿ.

ತೆರೆದ ಮೇಲೆ ಎಷ್ಟು ಪತ್ರ ಹೋದವು, ಕಚೇರಿ ಏನಂದಿತು, ಮುಂದಿನ ದಿನಾಂಕ ಯಾವುದು ಅಂತ ಅದೇ ಜಾಗದಲ್ಲಿ ಬರೆಯಿರಿ. ಗೆದ್ದರೂ ಸೋತರೂ ಬರೆಯಿರಿ. ಪತ್ರ ಬರೆದವರು ಕಾಯುತ್ತಿರುತ್ತಾರೆ.

ಇದನ್ನು ಬರೆಯುತ್ತಿರುವಾಗ ನಕ್ಷೆಯ ಪುಟಗಳು ಮುಚ್ಚಿವೆ, ನಾಳೆ ಬೆಳಿಗ್ಗೆ ಆರಕ್ಕೆ ತೆರೆಯುತ್ತವೆ. ಪರದೆ ಇಳಿಸಿ ಐವತ್ತು ನಿಮಿಷಕ್ಕೆ ಮೊದಲ ಆಕ್ಷೇಪಣೆಯ ಪ್ರತಿ ನಮಗೆ ಬಂತು. ಕಳಿಸಿದವಳು ಒಬ್ಬ ನೀರುಗಂಟಿಯ ಮಗಳು. ಕೊನೆಯ ಖಾಲಿ ಜಾಗದಲ್ಲಿ ಹೀಗೆ ಬರೆದಿದ್ದಾಳೆ: "ಕೋಡಿ ಹರಿದು ಬಹಳ ವರ್ಷವಾಯ್ತು ಅಂತ ಅಲ್ಲಿ ಮನೆ ಕಟ್ಟಿಸುತ್ತೀರಿ. ಹರಿದ ರಾತ್ರಿ ಬಾಗಿಲು ಬಡಿದು ಎಬ್ಬಿಸೋರು ನಮ್ಮಪ್ಪ."